ಮೂರನೆಯ ನಾಬು

ನಾಬು ತಾನು ನಿಲ್ಲಿಸಿದ್ದ ಜಾಗದಲ್ಲಿ ಇರಲಿಲ್ಲ. ಮುಚ್ಚಳ ಬಿಚ್ಚಿದ ಗುರುಸಾಮಿ ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ಬಗ್ಗಿ ನೋಡಿದ. ತೊಂಡಾಮುತ್ತೂರಿನ ಅಂಬುಜಮ್ಮನವರ ಮನೆಯ ಹಾಲ್‌ನಲ್ಲಿ, ಎದೆಮಟ್ಟದ ಎರಡು ಸ್ಪೀಕರ್‌ಗಳ ನಡುವೆ ಕ್ರಾಸೋವರ್ ಪೆಟ್ಟಿಗೆ ಕೂತಿತ್ತು. ಹಾಡನ್ನು ಮೂರು ಪಾಲು ಮಾಡಿ, ದಪ್ಪ ಸದ್ದನ್ನು ಕೆಳಗಿನ ದೊಡ್ಡ ಸ್ಪೀಕರಿಗೆ, ನಡುವಿನದನ್ನು ನಡುವಿನದಕ್ಕೆ, ಚೂಪು ಸದ್ದನ್ನು ಮೇಲಿನ ಪುಟ್ಟ ಟ್ವೀಟರಿಗೆ ಹಂಚುವ ಪೆಟ್ಟಿಗೆ ಅದು. ಆ ಮೂರನೆಯ ಪಾಲಿನ ನಾಬನ್ನು ಹೋದ ತಿಂಗಳು ಅವನು ಗಡಿಯಾರದ ಎರಡು ಗಂಟೆಯ ನೇರಕ್ಕೆ ತಿರುಗಿಸಿಟ್ಟು ಹೋಗಿದ್ದ. ಈಗ ಅದು ಸದ್ದು ಇಳಿಯುವ ಕಡೆಗೆ, ಹತ್ತರಲ್ಲಿತ್ತು.

"ಇದನ್ನ ಯಾರು ಮುಟ್ಟಿದ್ರಮ್ಮಾ?"

ಸಂಗೀತದ ಟೀಚರಾಗಿ ನಿವೃತ್ತರಾದ ಅಂಬುಜಮ್ಮ ಕಿಟಕಿಯ ಕಡೆ ನೋಡಿದರು. "ಧೂಳು ಒರೆಸೋವಾಗ ತಿರುಗಿರ್ಬೇಕು ಗುರುಸಾಮಿ."

ಸುಳ್ಳು. ನಾಬುಗಳಿಗೆ ತಗಡಿನ ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿದವನು ಅವನೇ. ಒರೆಸುವ ಬಟ್ಟೆ ಸ್ಕ್ರೂ ಬಿಚ್ಚುತ್ತದೆಯೇ? ನಾಬನ್ನು ಮತ್ತೆ ಎರಡಕ್ಕೆ ತಂದು, ಸ್ಕ್ರೂ ಬಿಗಿದು ಹೊರಬಂದ. ಎರಡು ತಿಂಗಳಲ್ಲಿ ಇದು ಮೂರನೆಯ ಮನೆ. ಗಣಪತಿ ಏರಿಯಾದ ಡಾಕ್ಟರ ಮನೆಯಲ್ಲಿ ಹೀಗೇ ಆಗಿತ್ತು, ಆನೈಮಲೈಯ ತೆಂಗಿನ ತೋಟದವರ ಮನೆಯಲ್ಲೂ. ಎಲ್ಲ ಕಡೆಯೂ ಮೂರನೆಯ ನಾಬೇ, ಎಲ್ಲ ಕಡೆಯೂ ಇಳಿಸಿದ್ದೇ.

ಯಾರದು ಈ ಕೈ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಆರು ವರ್ಷ ತನ್ನ ಬಳಿಯೇ ಕೆಲಸ ಕಲಿತು, ಈಗ ಲ್ಯಾಪ್‌ಟಾಪು, ಅಳತೆಯ ಮೈಕು ಇಟ್ಟುಕೊಂಡು ಬೇರೆ ಅಂಗಡಿ ತೆರೆದ ಸರವಣಕುಮಾರ್. ಗುರುಸಾಮಿಯ ಹತ್ತಿರ ಲ್ಯಾಪ್‌ಟಾಪು ಇರಲಿಲ್ಲ, ಎರಡು ಕಿವಿ ಇದ್ದವು. ಕೋಯಮತ್ತೂರಿನಲ್ಲಿ ಒಳ್ಳೆಯ ಸ್ಪೀಕರು ಇಟ್ಟವರೆಲ್ಲ ಆ ಕಿವಿಗಾಗಿಯೇ ಅವನನ್ನು ಸದ್ದು ಹೊಂದಿಸಲು ಕರೆಸುತ್ತಿದ್ದರು. ಅವನ ಕೆಲಸ ಕೆಡಿಸಿದರೆ ಆ ಮನೆಗಳೆಲ್ಲ ಯಾರ ಪಾಲಾಗುತ್ತವೆ?

ಬಸ್‌ಸ್ಟಾಪಿನಿಂದಲೇ ಫೋನು ಮಾಡಿ ಬೈದ. ಸರವಣಕುಮಾರ್ ಪೂರ್ತಿ ಕೇಳಿಸಿಕೊಂಡ. "ನಾನು ಅಂಥವನಲ್ಲ ಅಣ್ಣಾ" ಎಂದ. ಆಮೇಲೆ, "ಬಿಟ್ಬಿಡಿ ಅಣ್ಣಾ, ಕೆದಕಬೇಡಿ" ಎಂದ. ಆ ಮಾತೇ ಗುರುಸಾಮಿಗೆ ಸಾಕ್ಷಿಯಾಯಿತು.

ಕೈಯಾರೆ ಹಿಡಿಯಬೇಕು ಎಂದುಕೊಂಡ. ಭಾನುವಾರ ಇಡೀ ದಿನ ಆನೈಮಲೈಯಲ್ಲಿ ಇರುತ್ತೇನೆ ಎಂದು ಅಂಬುಜಮ್ಮನವರಿಗೆ ಬೇಕೆಂದೇ ಫೋನಿನಲ್ಲಿ ಹೇಳಿದ. ಊಟಕ್ಕೆ ಬಡಿಸುತ್ತಿದ್ದ ಮಗಳು ನಿತ್ಯಾಳಿಗೂ ಅದನ್ನೇ ಹೇಳಿದ. ಭಾನುವಾರ ಹತ್ತು ಗಂಟೆಗೆ ಅಂಬುಜಮ್ಮನವರ ಮನೆಯೆದುರಿನ ಟೀ ಅಂಗಡಿಯಲ್ಲಿ ಕೂತು ಎರಡನೆಯ ಲೋಟ ಕುಡಿಯುತ್ತಿದ್ದಾಗ, ಗೇಟಿನ ಮುಂದೆ ಸ್ಕೂಟರು ನಿಂತಿತು. ಹೆಲ್ಮೆಟ್ ತೆಗೆದವಳು ನಿತ್ಯಾ.

ಲೋಟ ಬೆಂಚಿನ ಮೇಲೆ ಹಾಗೇ ಉಳಿಯಿತು. ಮಗಳನ್ನೂ ತನ್ನ ಕಡೆ ಎಳೆದುಕೊಂಡನೇ ಆ ಸರವಣ? ಗುರುಸಾಮಿ ಹಾಲ್‌ಗೆ ಕಾಲಿಡುವಷ್ಟರಲ್ಲಿ ನಿತ್ಯಾ ಕ್ರಾಸೋವರ್ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಿಟ್ಟಿದ್ದಳು.

"ಎಷ್ಟು ದಿವಸದಿಂದ ಅವನ ಕೆಲಸ ಮಾಡ್ತಿದ್ದೀಯ?"

ನಿತ್ಯಾ ಬೆಚ್ಚಿ ತಿರುಗಿದಳು. "ಯಾರ ಕೆಲಸಪ್ಪಾ?"

"ಚುಮ್ಮಾ ನಾಟಕ ಆಡ್ಬೇಡ. ಸರವಣ ಕಳಿಸಿದ್ದು ತಾನೇ?"

"ಯಾರೂ ಕಳಿಸಿಲ್ಲ. ಗಣಪತಿ ಏರಿಯಾ ಡಾಕ್ಟರ್ ಮೊದಲು ಸರವಣ ಅಣ್ಣನಿಗೇ ಫೋನ್ ಮಾಡಿದ್ರು. ಅಣ್ಣ ತಾನು ಹೋಗದೆ ನನಗೆ ತಿಳಿಸಿದ್ರು, ಅಷ್ಟೆ."

"ಏನಂತ ತಿಳಿಸ್ದ?"

ನಿತ್ಯಾ ಅಂಬುಜಮ್ಮನವರ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು. ನಿತ್ಯಾ ಕೆಳಗಿನ ದೊಡ್ಡದರ, ನಡುವಿನದರ ಸ್ವಿಚ್ಚು ಆರಿಸಿ, ಟ್ವೀಟರ್ ಮಾತ್ರ ಉಳಿಸಿ, ಫೋನಿನಿಂದ ಏನನ್ನೋ ಹಾಕಿದಳು. "ಕೇಳ್ತಿದೆಯಾಪ್ಪಾ?"

"ಏನು ಕೇಳೋದು? ಹಾಕೇ ಇಲ್ವಲ್ಲ."

ಅವಳು ಸದ್ದು ಏರಿಸಿದಳು. "ಈಗ?"

"ವೈರು ಬಿಟ್ಟಿದೆ. ನೀನೇ ಕಿತ್ತಿರ್ತೀಯ." ಗುರುಸಾಮಿ ಸ್ಪೀಕರಿನ ಹಿಂದೆ ಕೈ ಹಾಕಿ ತಡಕಿದ. ವೈರು ಭದ್ರವಾಗಿತ್ತು. ಮುಂದೆ ಬಂದು ಟ್ವೀಟರಿಗೆ ಕಿವಿ ಹಚ್ಚಿ ನಿಂತ. ಏನೂ ಇಲ್ಲ. ಮೋಸ ಎಲ್ಲಿದೆ ಎಂದು ಹುಡುಕುತ್ತ ತಿರುಗಿದಾಗ, ಅಂಬುಜಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದರು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ನಿಂತು ಮನೆಯ ಕಡೆ ಬೊಗಳುತ್ತಿತ್ತು.

ನಿತ್ಯಾ ಫೋನು ಆರಿಸಿದಳು. ಅಂಬುಜಮ್ಮ ಕೈ ಇಳಿಸಿದರು.

"ಎಷ್ಟು ದಿವಸ ಆಯ್ತು?" ಗುರುಸಾಮಿಯ ದನಿ ಸಣ್ಣದಾಗಿತ್ತು.

"ಒಂದು ವರ್ಷ. ಹಿಂದೆ ಪಂಪ್ ಕಾರ್ಖಾನೇಲಿ ಅಷ್ಟು ವರ್ಷ ಗ್ರೈಂಡಿಂಗ್ ಗದ್ದಲದಲ್ಲಿದ್ರಲ್ಲಪ್ಪಾ, ಚೂಪು ಸದ್ದು ನಿಮ್ಮ ಕಿವಿಗೆ ಬೀಳ್ತಿಲ್ಲ. ನಿಮಗೆ ಕೇಳೋವರೆಗೂ ಏರಿಸ್ತೀರಿ. ಮನೆಯವರಿಗೆ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ."

"ಎಷ್ಟು ಮನೆಗೆ ಹೋಗಿದ್ದೀಯ?"

"ನೀವು ಹೋದ ಎಲ್ಲಾ ಮನೆಗೂ."

"ಒಬ್ಬರೂ ನನಗೆ ಹೇಳಲಿಲ್ಲ."

"ನಿಮ್ಮ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ ಗುರುಸಾಮಿ," ಎಂದರು ಅಂಬುಜಮ್ಮ. "ಈ ಮನೇಲಿ ಮೊದಲ ಸಲ ವೀಣೆ ವೀಣೆ ಥರ ಕೇಳಿಸಿದ್ದು ನಿಮ್ಮ ಕೈಯಿಂದ್ಲೇ."

ಮಗಳು ಮುಚ್ಚಳ ಎತ್ತಿಕೊಂಡು ವಾಪಸ್ ಬಿಗಿಯಲು ಹೋದಾಗ ಗುರುಸಾಮಿ ಬೇಡವೆಂದು ಕೈ ತೋರಿಸಿದ. ಊಟದ ಮೇಜಿನ ಹತ್ತಿರದ ಕುರ್ಚಿ ಎಳೆದು ತಂದು, ಸ್ಪೀಕರುಗಳಿಗೆ ಬೆನ್ನು ಹಾಕಿ, ಅಂಬುಜಮ್ಮನವರಿಗೆ ಎದುರಾಗಿ ಕೂತ.

"ಹಾಡು ಹಾಕಿ ನಾಬು ತಿರುಗಿಸು, ಮೆಲ್ಲಗೆ," ಎಂದ ನಿತ್ಯಾಳಿಗೆ. "ಎಲ್ಲಿ ನಿಲ್ಲಿಸ್ಬೇಕು ಅಂತ ಅಂಬುಜಮ್ಮನವರ ಮುಖ ನೋಡಿ ಹೇಳ್ತೀನಿ."