ರಾಹುಕಾಲಕ್ಕೆ ಮುಂಚೆ ಬಂದ ಡಬ್ಬ

ಹಳೆಯ ಕಂಪ್ಯೂಟರನ್ನು ಕೊಲ್ಲುವ ಮೊದಲು ಹೊಸದನ್ನು ಮನೆಯೊಳಗೆ ತರಬಾರದೆಂದು ಹುಬ್ಬಳ್ಳಿಯ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ನನ್ನ ಗೆಳೆಯ ಗುರಸಿದ್ದ, ರಾಹುಕಾಲ ಶುರುವಾಗಿಬಿಡುತ್ತದೆಂದು ಹೊಸದರ ಡಬ್ಬವನ್ನು ಆಗಲೇ ಒಳಗೆ ತಂದಿಟ್ಟಿದ್ದ. ನಾನು ಹಾರೆ ಹಿಡಿದು ಹೋಗುವಷ್ಟರಲ್ಲಿ, ಹದಿನಾಲ್ಕು ವರ್ಷದ ಹಳೆಯದು ಆ ಡಬ್ಬವನ್ನು ಕಂಡು, ತನ್ನ ವೈರುಗಳನ್ನೆಲ್ಲ ಅವನ ಕುತ್ತಿಗೆಗೆ ಸುತ್ತಿ ಬಿಗಿಯುತ್ತಿತ್ತು.

"ನೋಡ್ಕೋತ ಏನ್ ನಿಂತೀಲೇ, ಹೊಡಿ!" ಎಂದು ಅವನು ಗೊರಗೊರ ಧ್ವನಿಯಲ್ಲಿ ಕೂಗಿದ.

ಮೊದಲ ಏಟಿಗೆ ಪರದೆ ಸಿಡಿಯಿತು. ಒಂದು ವೈರು ನನ್ನ ಮುಂಗೈಯನ್ನು ಮೂಳೆ ಕಾಣುವಂತೆ ಸೀಳಿತು. ಎರಡನೆಯ ಏಟನ್ನು, ಪ್ರತಿ ಆಯುಧಪೂಜೆಗೆ ಅವನು ಕುಂಕುಮ ಹಚ್ಚುತ್ತಿದ್ದ ಜಾಗಕ್ಕೇ ಹಾಕಿದೆ. "ಗುರಸಿದ್ದಣ್ಣಾ" ಎಂದು ಒಮ್ಮೆ ಕರೆದು ಅದು ಸತ್ತಿತು. ವೈರುಗಳು ಸಡಿಲಾದವು.

ಗುರಸಿದ್ದ ಕೆಮ್ಮುತ್ತ, ಮುಖಕ್ಕೆ ಸಿಡಿದಿದ್ದ ನನ್ನ ರಕ್ತ ಒರೆಸಿಕೊಂಡು ಡಬ್ಬ ತೆರೆದ. ಹೊಸದು ಒಳಗೆ ಮೂಲೆಗೆ ಒತ್ತಿಕೊಂಡು ನಡುಗುತ್ತಿತ್ತು. ಅವನು ಅದನ್ನೆತ್ತಿ ಮೇಜಿನ ಮೇಲಿಟ್ಟು ಕುಂಕುಮ ಹಚ್ಚಿದ.

"ಹೆದರಬ್ಯಾಡ ಕೂಸ, ಇದು ನಿಂದ ಮನಿ. ಏನರ ಕೇಳೂದಿದ್ರ ಕೇಳು," ಎಂದ.

ಅದು ನನ್ನ ಕೈಯಲ್ಲಿದ್ದ ಹಾರೆಯನ್ನೇ ನೋಡಿತು. ಆಮೇಲೆ ಮೆಲ್ಲಗೆ ಕೇಳಿತು:

"ಆ ಹಾರಿ ಎಲ್ಲಿ ಇಡ್ತೀರಿ?"