ಸುಣ್ಣದ ಗೋಡೆಯ ಹೆಲ್ಪ್

"ಹೆಲ್ಪ್ ಆನ್‌ಲೈನ್ ಬೇಕೋ ಆಫ್‌ಲೈನ್ ಬೇಕೋ ಅಂತ ಕೇಳಾಕತ್ತೈತ್ರಿ, ಯಾವುದು ಒತ್ತಲಿ?" ಎಂದು ಅಮೃತಾ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಗಂಡನನ್ನು ಕೇಳಿದಳು. ಎಂಬ್ರಾಯ್ಡರಿ ಮಷಿನ್ನಿಗೆ ಕೈಕಸೂತಿಯ ಹೊಲಿಗೆ ಕಲಿಸುವ ಪ್ಲಗಿನ್ ಒಂದನ್ನು ಅವಳು ಈಗಷ್ಟೇ ಹಾಕಿಕೊಂಡಿದ್ದಳು.

"ಆನ್‌ಲೈನ್ ಒತ್ತು. ಯಾವಾಗ್ಲೂ ತಾಜಾ ಇರ್ತೈತಿ. ಲ್ಯಾಪ್‌ಟಾಪಿನ್ಯಾಗ ಜಾಗಾನೂ ಇಲ್ಲ," ಎಂದ ಪ್ರಭು. ಜಾಗವನ್ನೆಲ್ಲ ತಾನು ತುಂಬಿಟ್ಟ ದೊಡ್ಡಾಟದ ವಿಡಿಯೋಗಳೇ ತಿಂದಿವೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಒಲೆಯ ಮುಂದಿದ್ದ ಅತ್ತೆ ಮಹಾದೇವಕ್ಕ ತಿರುಗಿ ನೋಡಿದಳು. "ಎರಡಕ್ಕೂ ಏನ್ ಫರಕ?"

"ಆನ್‌ಲೈನ್ ಅಂದ್ರ ಬೇಕಾದಾಗ ನೆಟ್‌ನ್ಯಾಗ ಹೋಗಿ ಓದೂದ್ರಿ ಅತ್ತಿ. ಆಫ್‌ಲೈನ್ ಅಂದ್ರ ಮೊದಲ ಮನ್ಯಾಗ ತಂದು ಇಟ್ಕೊಳ್ಳೂದು."

"ಬಿಸಿ ರೊಟ್ಟಿ, ಒಣಗಿಸಿಟ್ಟ ಕಟಕ ರೊಟ್ಟಿ ಇದ್ದಂಗ ಅನ್ನು. ಬಿಸೀದು ರುಚಿ ಖರೆ. ಒಲಿ ಹತ್ತಲಾರದ ದಿನ ಕಟಕ ರೊಟ್ಟೀನ ಗತಿ. ಮನ್ಯಾಗ ಇಟ್ಕೋ."

"ಈಗಿನ ಕಾಲದಾಗ ಒಲಿ ಯಾಕ ಹತ್ತೂದಿಲ್ಲ ಬೇ?" ಎಂದು ಮಗ ನಕ್ಕ. ಅಮೃತಾ ಗಂಡನ ಮಾತು ಕೇಳಿ ಆನ್‌ಲೈನ್ ಒತ್ತಿದಳು.

ಮರುದಿನವೇ ಆ ಮನೆಯ ಮಗಳು ಶಿವಾನಿಯ ಕುಬಸ, ಅಂದರೆ ಸೀಮಂತ, ಇತ್ತು. ಬಸುರಿ ಮಗಳಿಗೆ ಉಡಿಸುವ ಹಸಿರು ಇಳಕಲ್ಲ ಸೀರೆಯ ಸೆರಗಿನಲ್ಲಿ ಕಸೂತಿಯ ತೊಟ್ಟಿಲು ಇರಲೇಬೇಕು, ಅದು ಅವರ ಮನೆಯ ಪದ್ಧತಿ. ಇಷ್ಟು ವರ್ಷ ಮಹಾದೇವಕ್ಕನೇ ಹಾಕಿದ್ದಳು, ಈಗ ಅವಳ ಕಣ್ಣು ಎಳೆ ಎಣಿಸಲು ಒಲ್ಲೆ ಎನ್ನುತ್ತಿದ್ದವು. ಮನಸ್ಸಿಲ್ಲದ ಮನಸ್ಸಿನಿಂದ ಮಷಿನ್ನಿಗೆ ಒಪ್ಪಿದ್ದಳು, ಆದರೆ ಒಂದು ಕರಾರಿನ ಮೇಲೆ. ಸೆರಗಿನ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ ಇರಬೇಕು, ಒಂದು ಗಂಟೂ ಕಾಣಬಾರದು. ಕಂಡರೆ ಮಗಳು ತೊಟ್ಟಿಲಿಲ್ಲದ ಸೀರೆಯನ್ನೇ ಉಡಲಿ. ಚೊಕ್ಕತನದ ವಿಷಯದಲ್ಲಿ ಮಹಾದೇವಕ್ಕ ಭಾರಿ ಕಟ್ಟುನಿಟ್ಟು. ಕುಬಸಕ್ಕೆಂದು ಮೊನ್ನೆಯಷ್ಟೇ ಮನೆಗೆ ಸುಣ್ಣ ಬಳಿಸಿದ್ದಳು, ಗೋಡೆಗೆ ಒರಗಿದವರಿಗೆ ಅಂದಿನಿಂದ ಬೈಗುಳದ ಸುರಿಮಳೆ.

ಅಂದೇ ಮಧ್ಯಾಹ್ನ ಅಮೃತಾ ಹಳೆಯ ಬಟ್ಟೆಯ ಮೇಲೆ ತೊಟ್ಟಿಲು ಹೊಲಿದು ನೋಡಿದಳು. ಮುಂದೆ ಚೆಂದ, ಹಿಂದೆ ಬರೀ ಗಂಟು. ಹೆಲ್ಪ್ ಒತ್ತಿದಳು. ಹೊರಗೆ ಆಗಲೇ ಗಾಳಿ ಎದ್ದು ನೆಟ್‌ವರ್ಕ್ ಹೋಗಿತ್ತು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ಒಲಿ ಆರಿತೇನು?" ಎಂದಳು ಮಹಾದೇವಕ್ಕ.

ಅವರ ಊರು ಯರಗುಪ್ಪಿಯಲ್ಲಿ ಗಾಳಿ ಎದ್ದರೆ ನೆಟ್‌ವರ್ಕ್ ಸಿಗುವುದು ಅವರ ಹಿತ್ತಲಿಗೆ ಹೊಂದಿಕೊಂಡ ಊರಿನ ನೀರಿನ ಟಾಕಿಯ ಮೇಲೆ ಮಾತ್ರ. ಆನ್‌ಲೈನ್ ಎಂದವನೇ ಹತ್ತಬೇಕಲ್ಲ! ಪ್ರಭು ಮೊಬೈಲ್ ಹಿಡಿದು ಹತ್ತಿದ, ಇಂಗ್ಲಿಷಿನಲ್ಲಿದ್ದ ಹೆಲ್ಪನ್ನು ಕನ್ನಡ ಮಾಡಿ ಮೇಲಿನಿಂದಲೇ ಒದರತೊಡಗಿದ. "ಒಂದನೇದು! ದಾರದ ಬಿಗಿ ಸಡಿಲ ಮಾಡು!"

"ಅತ್ತಿ, ನನ್ನ ಎರಡೂ ಕೈ ಮಷಿನ್ ಮ್ಯಾಲ ಅದಾವ್ರಿ. ನೀವು ಬರ್ಕೋರಿ!"

ನೋಟುಬುಕ್ಕಿನ ಸಣ್ಣ ಗೆರೆ ಮಹಾದೇವಕ್ಕನಿಗೆ ಕಾಣದು. ಬಚ್ಚಲೊಲೆಯಿಂದ ಒಂದು ಇದ್ದಿಲು ತಂದಳು. ಒಂದು ಗಳಿಗೆ ಬೆಳ್ಳನೆಯ ಗೋಡೆಯನ್ನು ನೋಡಿದಳು. ಆಮೇಲೆ "ಶಿವನೇ" ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆದೇಬಿಟ್ಟಳು.

ಟಾಕಿ ಮೇಲೆ ಯಾರಾದರೂ ನಿಂತು ಕೂಗಿದರೆ ಊರವರಿಗೆ ತಿಳಿಯುವುದು ಒಂದೇ, ನೀರು ಬಿಡುತ್ತಾರೆ. ಮೂರನೆಯದು ಮುಗಿಯುವುದರೊಳಗೆ ಕೆಳಗೆ ಕೊಡಗಳ ಸಾಲು ನಿಂತಿತ್ತು.

"ಎಷ್ಟೊತ್ತಿಗೆ ಬಿಡ್ತೀಯೋ ಪ್ರಭು?" ಎಂದಳು ಸಾಲಿನ ಮುಂದಿದ್ದ ಮಲ್ಲಮ್ಮ.

"ನೀರಲ್ಲ ಬೇ ಮಲ್ಲಮ್ಮಕ್ಕಾ, ಹೆಲ್ಪ್!"

"ಅದನ್ನರ ಬಿಡು, ಬಂದ ತಪ್ಪಿಗೆ ಒಂದು ಕೊಡ ಒಯ್ತೀನಿ."

ನಗು ನಿಂತ ಮೇಲೆ ಪ್ರಭು ಮತ್ತೆ ಒದರಿದ. "ನಾಕನೇದು! ಗಂಟು ಹಾಕೂದು ಬಂದ್ ಮಾಡು! ಹೋಗುವಾಗ ಒಂದು ಬಿಟ್ಟು ಒಂದು ಹೊಲಿ, ಹೊಳ್ಳಿ ಬರುವಾಗ ಬಿಟ್ಟಿದ್ದು ತುಂಬು!"

ಮಹಾದೇವಕ್ಕನ ಕೈ ಅಲ್ಲೇ ನಿಂತಿತು. "ಅಯ್ಯ, ಇದು ನಮ್ಮವ್ವ ನನಗ ಹೇಳಿಕೊಟ್ಟ ಮಾತು! ಇದನ್ನ ಬರದಾಂವ ಯಾರೋ ಏನೋ, ಅವನ ಅವ್ವ ಕಸೂತಿ ಹಾಕಿರಬೇಕು ನೋಡು." ಅವಳ ಮುಖ ಅರಳಿತು. ಉಳಿದ ಎರಡನ್ನು ಅವಳು ಹಾಡು ಗುನುಗುತ್ತ ಬರೆದಳು.

ಸಂಜೆಗೆ ಸೆರಗಿನಲ್ಲಿ ತೊಟ್ಟಿಲು ಮೂಡಿತು. ಮಹಾದೇವಕ್ಕ ಸೆರಗನ್ನು ಹೊಳ್ಳಿಸಿ, ಕಣ್ಣು ಮುಚ್ಚಿ, ಹಿಂಬದಿಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಎಲ್ಲಿಯೂ ಏನೂ ತಾಗಲಿಲ್ಲ. ಸೊಸೆಯ ಮುಖಕ್ಕೆ ಕೈ ನೀವಾಳಿಸಿ ನೆಟಿಗೆ ಮುರಿದಳು. ಅಮೃತಾಗೆ ಖುಷಿಯಲ್ಲಿ ಕಣ್ಣು ತುಂಬಿದವು.

ಮರುದಿನ ಕುಬಸಕ್ಕೆ ಸಂಶಿಯಿಂದ ಶಿವಾನಿಯ ಅತ್ತೆ, ಬೀಗತಿ ಸಾವಕ್ಕ ಬಂದಳು. ಅವಳೂ ಕಸೂತಿಯಲ್ಲಿ ಪಳಗಿದ ಕೈ, ಶಿವಾನಿಯ ಸೆರಗನ್ನು ಮೊದಲು ಹೊಳ್ಳಿಸಿಯೇ ನೋಡಿದಳು. "ಕೈಕೆಲಸ ಅಂದ್ರ ಇದು!" ಎಂದು ಮೆಚ್ಚಿಕೊಂಡು ತಲೆಯೆತ್ತಿದವಳ ಕಣ್ಣು ಗೋಡೆಗೆ ಬಿತ್ತು. "ಅಯ್ಯ ಬೀಗತಿ, ಹೊಸಾ ಸುಣ್ಣದ ಗ್ವಾಡಿ ಯಾರು ಹೊಲಸ ಮಾಡ್ಯಾರ್ರಿ?"

"ನಾನ್ರಿ. ಮನ್ಯಾಗಿನ ಹೆಲ್ಪ್ ಅದು, ಗಾಳಿ ಬೀಸಿದ್ರ ಹೋಗೂದಿಲ್ಲ. ನಿಮ್ಮ ಸೆರಗ ತಾಗಿ ಅಳಿಸೀತು, ಸ್ವಲ್ಪ ಈ ಕಡೆ ಸರದು ಕೂಡ್ರಿ."

ಪ್ರಭು ಗೋಡೆಯ ಮುಂದೆ ನಿಂತು ಎಣಿಸಿದ. ಮತ್ತೊಮ್ಮೆ ಎಣಿಸಿದ. "ನಾ ಒದರಿದ್ದು ಆರು. ಇಲ್ಲಿ ಏಳು ಅದಾವಲ್ಲ ಬೇ?"

ಕೆಳಗಿನ ಸಾಲಿನಲ್ಲಿ, ಉಳಿದೆಲ್ಲಕ್ಕಿಂತ ದಪ್ಪ ಅಕ್ಷರಗಳಲ್ಲಿ, ಹೀಗೆ ಬರೆದಿತ್ತು: "ಏಳು. ಮುಗಿದ ಮ್ಯಾಲ ಹೊಳ್ಳಿಸಿ ನೋಡು."