ಒಂಬತ್ತನೆಯ ಪ್ರಶ್ನೆ

"ಮೇಷ್ಟ್ರೇ, ಇನ್ನೂ ಒಂಬತ್ತನೇ ಪ್ರಶ್ನೇಲೇ ಇದ್ದೀರಾ?"

ಹಲ್ಲಿನ ಡಾಕ್ಟರಮ್ಮ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಗ್ಗಿ ನೋಡಿದರು. ಅವನು ಹಾಳೆಯ ಮೇಲೆ ಅಂಗೈ ಇಟ್ಟು ಮುಚ್ಚಿದ. ಒಂಬತ್ತನೆಯ ಪ್ರಶ್ನೆ ಮುಂದಿನ ಬ್ರೇಕಿನದು.

ಮುಂದಿನ ತಿಂಗಳು ಅಂಗಡಿಗೆ ಬರಲಿದ್ದ ಹೊಸ ಸ್ಪೋರ್ಟ್ಸ್ ಬೈಕನ್ನು ಓಡಿಸಿ ನೋಡಲು ಕಂಪನಿ ಹನ್ನೆರಡು ಮಂದಿಯನ್ನು ತನ್ನ ಪರೀಕ್ಷಾ ಟ್ರ್ಯಾಕಿಗೆ ಕರೆಸಿತ್ತು. ತಲೆಗೆ ಏಳು ಸುತ್ತು. ಆಮೇಲೆ ತಗಡಿನ ಶೆಡ್ಡಿನಲ್ಲಿ ಕೂತು ಅಭಿಪ್ರಾಯ ಬರೆದುಕೊಡಬೇಕು. ಹನ್ನೊಂದು ಮಂದಿ ಬರೆದು ಮುಗಿಸಿ ಹರಟೆಗಿಳಿದಿದ್ದರು.

"ಎರಡು ಸಿಲಿಂಡರ್ ಪಕ್ಕಪಕ್ಕ ಇದ್ರೆ ಎಂಜಿನ್ ನಡುಗಿ ಕೈ ಜುಮ್ಮನ್ನುತ್ತೆ ಅನ್ಕೊಂಡಿದ್ದೆ," ಎಂದ ಕೊರಿಯರಿನವನು. "ಎಂಜಿನ್ ಕಿರುಚೋ ತನಕ ಆಕ್ಸಿಲರೇಟರ್ ತಿರುವಿದೆ. ಕನ್ನಡಿ ಕೂಡ ಅಲ್ಲಾಡ್ಲಿಲ್ಲ."

"ನಾನು ಕುಳ್ಳಿ. ನನಗೂ ಕಾಲು ನೆಲಕ್ಕೆ ಸಿಕ್ತು," ಎಂದರು ಡಾಕ್ಟರಮ್ಮ. "ಬುಕ್ ಮಾಡೋದೇ. ಮನೆಯವರಿಗೆ ಗಾಡಿ ಬಂದ ಮೇಲೆ ಹೇಳಿದ್ರಾಯ್ತು."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವರು ಹೇಳುತ್ತಿದ್ದುದೆಲ್ಲ ನಿಜವಾಗಿತ್ತು. ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ. ಆ ಎಂಜಿನ್, ಆ ಗಾಡಿ, ಇದೇ ಕಂಪನಿಯಲ್ಲಿ ಎಂಜಿನಿಯರಾದ ಅವನ ತಮ್ಮನ ಕೈಕೆಲಸ.

ಮೂವತ್ತು ವರ್ಷ ರೇಸಿನ ಗಾಡಿಗಳನ್ನು ಓಡಿಸಿ, ರಿಪೇರಿ ಮಾಡಿ, ಹುಡುಗರಿಗೆ ಕಲಿಸಿ 'ಮೇಷ್ಟ್ರು' ಎನಿಸಿಕೊಂಡವನು ಅವನು. ಮೊದಲ ಸ್ಪ್ಯಾನರನ್ನು ತಮ್ಮ ಹಿಡಿದದ್ದು ಅವನ ಗ್ಯಾರೇಜಿನಲ್ಲಿ. ಪಿಸ್ಟನ್ ಎಂದರೇನೆಂದು ಕೇಳಿದ್ದು ಅವನನ್ನೇ. ಎರಡು ವರ್ಷದ ಕೆಳಗೆ ಹೊಸ ಎಂಜಿನ್ನಿನ ಸುದ್ದಿಯ ಜೊತೆ ಪತ್ರಿಕೆಯಲ್ಲಿ ತಮ್ಮನ ಮಾತು ಅಚ್ಚಾಯಿತು: "ನನಗೆ ಯಾರೂ ಕಲಿಸಲಿಲ್ಲ. ನಾನೇ ಬಿಚ್ಚಿ ಬಿಚ್ಚಿ ಕಲಿತೆ." ಆ ತುಂಡನ್ನು ಕತ್ತರಿಸಿ ಅವನು ಟೂಲ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡ. ಅಂದಿನಿಂದ ತಮ್ಮನೊಡನೆ ಮಾತು ಬಿಟ್ಟ. ಅವನ ಫೋನ್ ಬಂದರೆ ಎತ್ತಲಿಲ್ಲ.

ಕಂಪನಿಯ ಮಾರಾಟದ ಅಧಿಕಾರಿ ಆ ಬೆಳಿಗ್ಗೆ ಕೈ ಕುಲುಕುತ್ತ ಹೇಳಿದ್ದ: "ಉಳಿದೋರದ್ದು ಬಿಡಿ ಸಾರ್. ನಿಮ್ಮ ಒಂದು ಮಾತು ಸಾಕು, ಗಾಡಿ ಏಳೋಕೂ ಬೀಳೋಕೂ."

ಬೀಳಲಿ, ಎಂದುಕೊಂಡ ಅವನು. ಟ್ರ್ಯಾಕಿನ ಮೇಲಿದ್ದಷ್ಟು ಹೊತ್ತೂ ಅವನಿಗೆ ಅದೇ ಧ್ಯಾನ. ಎಂಜಿನ್ ಸರಿಯಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಸೀಟು ಗಟ್ಟಿ ಎಂದರೆ ಯಾರಿಗೂ ನೋವಾಗುವುದಿಲ್ಲ. ಕೊನೆಯ ಸುತ್ತುಗಳಲ್ಲಿ ಹೊಳೆಯಿತು: ಬ್ರೇಕು. ಒಮ್ಮೆ ಕೈಕೊಟ್ಟು ಮತ್ತೆ ಸರಿಹೋಯಿತು ಎಂದರೆ, ಇಲ್ಲವೆಂದು ಸಾಧಿಸುವವರು ಯಾರು?

ಈಗ ಪೆನ್ನು ಒತ್ತಿ ಬರೆದ: "ಗಾಡಿ ಬಿಸಿಯಾದ ಮೇಲೆ, ಕೊನೆಯ ಸುತ್ತುಗಳಲ್ಲೊಮ್ಮೆ, ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಒಳಗೆ ಬಂತು. ಈ ಗಾಡಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ." ಸಹಿ ಹಾಕಿದ. ಹಾಳೆಯನ್ನು ಮಡಿಸದೆ, ಎಲ್ಲರಿಗೂ ಕಾಣುವಂತೆ, ಉಳಿದವರ ಹಾಳೆಗಳ ಮೇಲೇ ಇಟ್ಟು ಬಂದ.

ಮೂರನೆಯ ದಿನ ಸುದ್ದಿ ಬಂತು. ಬೈಕಿನ ಬಿಡುಗಡೆ ನಿಂತಿದೆ. ಅವನು ಆ ದಿನ ಗ್ಯಾರೇಜಿನಲ್ಲಿ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಸಿಳ್ಳೆ ತಾನಾಗಿಯೇ ನಿಂತಿತು. ತಮ್ಮನ ಮಗಳು ಈ ವರ್ಷ ಶಾಲೆಗೆ ಸೇರಿರಬೇಕು ಎಂದು ಸುಮ್ಮನೆ ನೆನಪಾಯಿತು.

ಐದನೆಯ ದಿನ ತಮ್ಮನೇ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಬಾಗಿಲಲ್ಲೇ ನಿಂತ.

"ಅಣ್ಣ, ಒಂಬತ್ತನೇ ಪ್ರಶ್ನೆಗೆ ನೀನು ಬರೆದಿದ್ದನ್ನ ಓದಿದೆ."

"ಕಂಡದ್ದನ್ನ ಬರೆದೆ." ಅವನು ತಲೆ ಎತ್ತಲಿಲ್ಲ.

"ಪ್ರತಿ ಗಾಡಿಯ ಸೀಟಿನ ಕೆಳಗೂ ಒಂದು ಪೆಟ್ಟಿಗೆ ಇಟ್ಟಿದ್ವಿ. ಲಿವರ್ ಎಷ್ಟು ಒತ್ತಿದ್ರಿ, ಬ್ರೇಕ್ ಎಷ್ಟು ಹಿಡೀತು, ಗಾಡಿ ಎಲ್ಲಿತ್ತು, ಎಲ್ಲಾ ಅದರಲ್ಲಿ ದಾಖಲಾಗುತ್ತೆ. ನಿನ್ನ ಏಳೂ ಸುತ್ತು ತೆಗೆಸಿ ನೋಡಿದೆ."

ಅವನು ಸ್ಪ್ಯಾನರ್ ಕೆಳಗಿಟ್ಟ. ಸಿಕ್ಕಿಬಿದ್ದೆ ಎಂದುಕೊಂಡ. ಮೂವತ್ತು ವರ್ಷದ ಹೆಸರು, ಒಂದೇ ಕಾಗದದಲ್ಲಿ ಮಣ್ಣುಪಾಲು. ಹೇಳಲಿ, ಬೈಯಲಿ, ಮುಖಕ್ಕೆ ಎಸೆಯಲಿ.

ತಮ್ಮ ಒಳಗೆ ಬಂದು ಕಾಗದವನ್ನು ಬೆಂಚಿನ ಮೇಲೆ ಹರಡಿದ. ಒಂದು ಗೆರೆ ಸಮನಾಗಿ ಏರಿಳಿಯುತ್ತ ಬಂದು ಒಂದೆಡೆ ಧೊಪ್ಪನೆ ಕುಸಿದಿತ್ತು.

"ಆರು ತಿಂಗಳಿಂದ ಬಡ್ಕೊಳ್ತಾ ಇದ್ದೆ ಅಣ್ಣ, ಸಾವಿರಕ್ಕೊಂದು ಸಲ ಈ ಬ್ರೇಕ್ ಕೈಕೊಡುತ್ತೆ ಅಂತ. ಓಡಿಸೋರು ಯಾರೂ ಹೇಳ್ತಿಲ್ಲವಲ್ಲ ಅಂತ ನನ್ನ ಬಾಯಿ ಮುಚ್ಚಿಸಿದ್ರು. ನಿನ್ನನ್ನ ಕರೆಸಿ ಅಂತ ಹಟ ಹಿಡಿದವನು ನಾನೇ." ಸ್ಟೂಲ್ ಎಳೆದುಕೊಂಡು ಕೂತ. "ಆ ಪತ್ರಿಕೆಯವನು ನಾನು ನಿನ್ನ ಬಗ್ಗೆ ಹೇಳಿದ್ದನ್ನೆಲ್ಲ ಕತ್ತರಿಸಿ ಹಾಕಿದ. ಅದನ್ನ ಹೇಳೋಕೆ ಎಷ್ಟು ಫೋನ್ ಮಾಡಿದೆ... ನೀನು ಎತ್ತಲಿಲ್ಲ. ಇರಲಿ ಬಿಡು. ನೋಡು, ಆರನೇ ಸುತ್ತು, ಉದ್ದನೆ ತಿರುವು. ಒತ್ತಡ ಅರ್ಧಕ್ಕಿಳಿದಿದೆ. ಗಾಡಿ ಗೋಡೆ ಕಡೆ ಎರಡು ಮಾರು ಸರಿದಿದೆ. ಇನ್ನೊಬ್ಬರಾಗಿದ್ರೆ ಅವತ್ತೇ ಹೋಗಿರೋರು. ಹೇಳಣ್ಣ, ಆ ಗಳಿಗೆ ಲಿವರ್ ಹೇಗನ್ನಿಸ್ತು?"

ಆ ಗಳಿಗೆ ಅವನಿಗೆ ಏನೂ ಅನ್ನಿಸಿರಲಿಲ್ಲ; ಯಾವ ಸುಳ್ಳು ಬರೆಯಲಿ ಎಂಬುದೇ ತಲೆಯಲ್ಲಿತ್ತು.